ನೆರೆಗೆ ಬಿದ್ದ ಶಾಲೆ ಬೇಗ ಎದ್ದು ನಿಲ್ಲಬೇಕಾದರೆ: ಪೋಷಕರಿಗೊಂದು ಮಾರ್ಗದರ್ಶಿ

ವಯನಾಡಿನಲ್ಲಿ ಮಳೆ ಜೋರಾದರೆ ಬೀಚನಹಳ್ಳಿಯಲ್ಲಿ ಕಬಿನಿ ಗೇಟು ತೆಗೆಯುತ್ತಾರೆ. ಕೊಡಗಿನಲ್ಲಿ ಜೋರಾದರೆ ಕೆಆರ್‌ಎಸ್‌ 124.80 ಅಡಿ ತುಂಬಿ, ಲಕ್ಷ ಕ್ಯೂಸೆಕ್‌ ದಾಟಿ ನೀರು ಕೆಳಗೆ ಬರುತ್ತದೆ. ಆಗ ನಂಜನಗೂಡು, ತಿ. ನರಸೀಪುರ, ಶ್ರೀರಂಗಪಟ್ಟಣದ ಹೊಳೆ ಬದಿಯ ಊರುಗಳ ಪಾಡು ಏನಾಗುತ್ತದೆ ಅನ್ನೋದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಕಂಡಿದ್ದೇವೆ, 2024ರ ಮಳೆಗಾಲದಲ್ಲೂ ಕಂಡಿದ್ದೇವೆ. ಶಾಲೆ ಬೀಳೋದಕ್ಕೆ ಹೊಳೆಯೇ ಬರಬೇಕು ಅಂತಿಲ್ಲ. ಕೆರೆ ಏರಿ ಒಡೆದರೂ ಸಾಕು. ಅಕ್ಟೋಬರ್‌ ಮಳೆ ವಾರವಿಡೀ ಬಿಡದೆ ಹೊಡೆದರೂ ಹೆಂಚಿನ ಶಾಲೆಯ ಮಣ್ಣಿನ ಗೋಡೆ ಕುಸಿಯುತ್ತದೆ.

ನೀರು ಇಳಿದ ಮೇಲೆ ಮೊದಲು ರಸ್ತೆ ಸರಿಯಾಗುತ್ತದೆ. ಆಮೇಲೆ ಕರೆಂಟು. ಆಮೇಲೆ ಮನೆ ಪರಿಹಾರದ ಪಟ್ಟಿ. ಶಾಲೆ ಎಲ್ಲಕ್ಕಿಂತ ಕೊನೆಗೆ. ಮನೆ ಕಳೆದುಕೊಂಡವರು ತಾಲ್ಲೂಕು ಕಚೇರಿ ಮುಂದೆ ಹೋಗಿ ನಿಲ್ಲುತ್ತಾರೆ. ಶಾಲೆ ಕಳೆದುಕೊಂಡ ಎರಡನೇ ಕ್ಲಾಸಿನ ಮಗು ಯಾವ ಕಚೇರಿಗೂ ಹೋಗುವುದಿಲ್ಲ. ಅದರ ಪರವಾಗಿ ಹೋಗಬೇಕಾದವರು ನಾವು.

ನಾನು ಕಂಡ ಹಾಗೆ, ಶಾಲೆ ತಡವಾಗುವುದಕ್ಕೆ ಹಣದ ಕೊರತೆಯೊಂದೇ ಕಾರಣ ಅಲ್ಲ. ಯಾವುದೋ ಒಂದು ಮೇಜಿನ ಮೇಲೆ, ಒಂದು ಕಾಗದ ಇಲ್ಲ ಅನ್ನುವ ಕಾರಣಕ್ಕೆ ಕಡತ ಕೂತಿರುತ್ತದೆ. ಕೇಳುವವರಿಲ್ಲದಿದ್ದರೆ ಕೂತೇ ಇರುತ್ತದೆ. ಆ ಮೇಜು ಯಾವುದು, ಆ ಕಾಗದ ಯಾವುದು ಅಂತ ಪತ್ತೆ ಮಾಡಿ ಒದಗಿಸುವುದು ಪೋಷಕರ ಕೆಲಸದಲ್ಲಿ ಅರ್ಧ. ಕಟ್ಟಡ ಏಳುವವರೆಗೆ ಮಕ್ಕಳು ಚದುರಿ ಹೋಗದಂತೆ ನೋಡಿಕೊಳ್ಳುವುದು ಇನ್ನರ್ಧ. ಮೈಸೂರು, ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರ: ಒಳಗೆ ಹೋಗಬೇಡಿ, ಹೊರಗಿಂದಲೇ ದಾಖಲೆ ಮಾಡಿ

ಮಳೆ ನಿಂತು ಬಿಸಿಲು ಬಂತು ಅಂದ ತಕ್ಷಣ ಶಾಲೆ ಗುಡಿಸಿ ಮಕ್ಕಳನ್ನು ಕೂರಿಸಬೇಡಿ. ನೆನೆದ ಮಣ್ಣಿನ ಗೋಡೆ ಎಷ್ಟೋ ಸಲ ಬೀಳುವುದು ಒಣಗುವಾಗಲೇ. 2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡ್‌ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಯ ಚಾವಣಿ ಬಿದ್ದು ಏಳು ಮಕ್ಕಳು ಸತ್ತರು. ನಮ್ಮ ಮೈಸೂರಿನಲ್ಲೇ 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಒಂದು ಭಾಗ ಕುಸಿಯಿತು. ಮೊದಲೇ ಸುಳಿವು ಸಿಕ್ಕಿ ಒಳಗಿದ್ದವರನ್ನು ಹೊರಗೆ ಕಳಿಸಿದ್ದರಿಂದ ಜೀವ ಉಳಿಯಿತು. ಬಿರುಕು ಬಿಟ್ಟ ಕೋಣೆಗೆ ಬೀಗ ಹಾಕಿಸುವುದು ನಮ್ಮ ಮೊದಲ ಬೇಡಿಕೆ ಆಗಬೇಕು.

ಆಮೇಲೆ ಫೋಟೋ. ಪ್ರತಿ ಗೋಡೆಯದ್ದು, ಚಾವಣಿಯದ್ದು, ಶೌಚಾಲಯದ್ದು, ಅಡುಗೆ ಕೋಣೆಯದ್ದು. ಬಿರುಕಿನ ಪಕ್ಕ ಒಂದು ಸ್ಕೇಲ್‌ ಅಥವಾ ಪೆನ್ನು ಹಿಡಿದು ತೆಗೆಯಿರಿ, ಅಗಲ ಎಷ್ಟು ಅಂತ ನೋಡಿದವರಿಗೆ ಗೊತ್ತಾಗಲಿ. ನೀರು ಎಲ್ಲಿವರೆಗೆ ನಿಂತಿತ್ತು ಅನ್ನುವ ಕೆಸರಿನ ಗೆರೆ ಗೋಡೆ ಮೇಲೆ ಇರುತ್ತದೆ. ಸುಣ್ಣ ಬಳಿಯುವ ಮೊದಲು ಅದನ್ನು ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಹೊಸ ಶಾಲೆಯ ತಳಪಾಯ ಎಷ್ಟು ಎತ್ತರ ಇರಬೇಕು ಅಂತ ವಾದ ಬಂದಾಗ ನಿಮ್ಮ ಕೈಲಿರುವ ಗಟ್ಟಿ ಸಾಕ್ಷಿ ಅದೇ.

ಗ್ರಾಮ ಆಡಳಿತಾಧಿಕಾರಿ ಮನೆಗಳ ಮಹಜರು ಮಾಡಲು ಬಂದೇ ಬರುತ್ತಾರೆ. ಅವರನ್ನು ಶಾಲೆಗೂ ಕರೆದುಕೊಂಡು ಹೋಗಿ. ಶಾಲೆಯ ಹೆಸರು ಹಾನಿ ಪಟ್ಟಿಯಲ್ಲಿ ಸೇರಿತೋ ಇಲ್ಲವೋ ಅಂತ ಅಲ್ಲೇ ಕೇಳಿ. ಮುಖ್ಯ ಶಿಕ್ಷಕರು ತಮ್ಮ ಇಲಾಖೆಗೆ ವರದಿ ಕಳಿಸಿರುತ್ತಾರೆ, ಆದರೆ ವಿಪತ್ತು ಪರಿಹಾರದ ಹಣ ನಡೆಯುವುದು ಕಂದಾಯ ಇಲಾಖೆಯ ಪಟ್ಟಿಯ ಮೇಲೆ. ಎರಡು ಕಡೆಯೂ ಹೆಸರು ಇರಬೇಕು. ಯಾರೂ ಬಾರದಿದ್ದರೆ ಜಿಲ್ಲಾ ಕಂಟ್ರೋಲ್‌ ರೂಮಿನ 1077ಕ್ಕೆ ಫೋನ್‌ ಮಾಡಿ ದೂರು ಬರೆಸಿ, ನಂಬರ್‌ ಕೇಳಿ ಪಡೆಯಿರಿ.

ಈ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಶಾಲೆಯ ಬೀರು. ದಾಖಲಾತಿ ಪುಸ್ತಕ ನೆನೆದಿದ್ದರೆ ಬಿಸಿಲಿಗೆ ಹಾಕಬೇಡಿ, ಹಾಳೆ ಮುರುಟಿ ಒಂದಕ್ಕೊಂದು ಅಂಟುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕಡೆ, ಕೆಲವು ಹಾಳೆಗೊಂದರಂತೆ ನ್ಯೂಸ್‌ಪೇಪರ್‌ ಇಟ್ಟು, ಪೇಪರ್‌ ನೆನೆದ ಹಾಗೆಲ್ಲ ಬದಲಾಯಿಸಿ. ಆರಿದ ಮೇಲೆ ಮುಖ್ಯ ಶಿಕ್ಷಕರ ಎದುರಿಗೆ ಪ್ರತಿ ಹಾಳೆಯ ಫೋಟೋ ತೆಗೆಯಿರಿ. ಈಗಿನ ಮಕ್ಕಳ ವಿವರ ಇಲಾಖೆಯ ಆನ್‌ಲೈನ್‌ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಸಿಗುತ್ತದೆ. ಮೂವತ್ತು ವರ್ಷದ ಹಿಂದೆ ಓದಿದವರ ಹುಟ್ಟಿದ ದಿನಾಂಕ ಇರುವುದು ಆ ಹಳೇ ಪುಸ್ತಕದಲ್ಲಿ ಮಾತ್ರ.

ಮಕ್ಕಳು ಊರಿನಲ್ಲೇ ಇರಲಿ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಶಾಲೆ ಬಿದ್ದ ಹದಿನೈದು ದಿನದಲ್ಲಿ ಒಂದು ಮಾತು ಬರುತ್ತದೆ: "ಸದ್ಯಕ್ಕೆ ಪಕ್ಕದ ಊರಿನ ಶಾಲೆಗೆ ಕಳಿಸಿ." ಕೇಳಲು ಸರಿಯಾಗೇ ಇದೆ. ಆದರೆ ಅಷ್ಟು ದೂರ ನಡೆದು ಹೋಗಲಾಗದ ಚಿಕ್ಕ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ವ್ಯಾನಿಗೆ ದುಡ್ಡು ಕೊಡಬಲ್ಲವರು ಟಿಸಿ ತೆಗೆಸಿ ಖಾಸಗಿ ಶಾಲೆಗೆ ಹಾಕುತ್ತಾರೆ. ವರ್ಷದ ಕೊನೆಗೆ ಹಾಜರಾತಿಯಲ್ಲಿ ಅರ್ಧ ಹೆಸರು ಇರುವುದಿಲ್ಲ.

ಅಲ್ಲಿಂದಾಚೆಗೆ ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3. ಶಿಕ್ಷಕರೊಬ್ಬರಿಗೆ ಕನಿಷ್ಠ ಒಂದು ಕೋಣೆ. ಅಂದರೆ ಮಕ್ಕಳು ಕಡಿಮೆಯಾದರೆ ಶಿಕ್ಷಕರು ಕಡಿಮೆ, ಶಿಕ್ಷಕರು ಕಡಿಮೆಯಾದರೆ ಕೋಣೆ ಕಡಿಮೆ. ಇನ್ನೂ ಇಳಿದರೆ ಶಾಲೆಯನ್ನೇ ಪಕ್ಕದೂರಿನ ಶಾಲೆಯೊಳಗೆ ವಿಲೀನ ಮಾಡುವ ಮಾತು. ಹಾಗಾಗಿ ಟಿಸಿ ತೆಗೆಸಬೇಡಿ. ಪಕ್ಕದ ಶಾಲೆಯಲ್ಲಿ ಕೂರಲೇಬೇಕಾಗಿ ಬಂದರೂ ಮಕ್ಕಳ ಹೆಸರು, ಹಾಜರಾತಿ, ಶಿಕ್ಷಕರು ಎಲ್ಲವೂ ನಿಮ್ಮ ಶಾಲೆಯದ್ದಾಗಿಯೇ ಮುಂದುವರಿಯಬೇಕು ಅಂತ ಬರಹದಲ್ಲಿ ಕೇಳಿ.

ಊರಿನಲ್ಲೇ ಜಾಗ ಹುಡುಕಿ. ಸಮುದಾಯ ಭವನ, ಡೈರಿ ಕಟ್ಟಡದ ಮಹಡಿ, ದೇವಸ್ಥಾನದ ಅನ್ನದಾನದ ಹಾಲ್‌, ಖಾಲಿ ಇರುವ ದೊಡ್ಡ ಮನೆ. ನಾಲ್ಕು ವಿಷಯ ನೋಡಿ: ಚಾವಣಿ ಗಟ್ಟಿಯೇ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯೇ, ಕುಡಿಯುವ ನೀರು ಇದೆಯೇ, ಬಿಸಿಯೂಟ ಮಾಡಲು ಅಥವಾ ತಂದು ಬಡಿಸಲು ಅನುಕೂಲ ಇದೆಯೇ. ಸಂಪು, ಟ್ಯಾಂಕು ನೆರೆ ನೀರಿನಲ್ಲಿ ಮುಳುಗಿದ್ದರೆ ತೊಳೆದು ಬ್ಲೀಚಿಂಗ್‌ ಪೌಡರ್‌ ಹಾಕಿಸುವವರೆಗೆ ಬಳಸಬೇಡಿ. ಬಿಸಿಯೂಟ ಒಂದು ದಿನವೂ ನಿಲ್ಲಕೂಡದು. ಊಟ ನಿಂತರೆ ಬಡವರ ಮನೆ ಮಕ್ಕಳೇ ಮೊದಲು ಕೈಬಿಟ್ಟು ಹೋಗುತ್ತಾರೆ.

ಜಾಗ ಕೊಟ್ಟವರ ಹತ್ತಿರ ಎಷ್ಟು ತಿಂಗಳಿಗೆ ಅಂತ ಮಾತಾಡಿಕೊಂಡು ಒಂದು ಪತ್ರ ಬರೆಸಿಕೊಳ್ಳಿ. ಮದುವೆ ಸೀಸನ್‌ ಬಂದಾಗ ಮಕ್ಕಳನ್ನು ಎಬ್ಬಿಸುವ ಹಾಗಾಗಬಾರದು. ಶಾಲೆ ಚೆನ್ನಾಗೇ ಇದ್ದು, ಕಾಳಜಿ ಕೇಂದ್ರ (ನೆರೆ ಸಂತ್ರಸ್ತರು ತಂಗುವ ಜಾಗ) ಮಾಡಿರುವ ಕಾರಣಕ್ಕೆ ಪಾಠ ನಿಂತಿದ್ದರೆ, ಅಲ್ಲಿರುವವರ ಮೇಲೆ ಸಿಟ್ಟು ಮಾಡಬೇಡಿ, ಅವರೂ ನಮ್ಮವರೇ. ಎಲ್ಲಿಗೆ, ಯಾವತ್ತು ಅವರಿಗೆ ಬದಲಿ ವ್ಯವಸ್ಥೆ ಆಗುತ್ತದೆ ಅಂತ ತಹಶೀಲ್ದಾರರಿಂದ ದಿನಾಂಕ ಕೇಳಿ.

ಯಾರು ಮಾತಾಡಬೇಕು

ಎಸ್‌ಡಿಎಂಸಿ. ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇದು ಶಾಲೆಗೆ ಬಣ್ಣ ಹೊಡೆಸುವ ಸಮಿತಿ ಮಾತ್ರ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. 22ನೇ ಕಲಂ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯೇ. ಅನುದಾನಕ್ಕೆ ಆ ಯೋಜನೆಯೇ ಆಧಾರ ಅಂತ ಕಾಯ್ದೆಯಲ್ಲೇ ಇದೆ. ಅದಕ್ಕೇ ಮೊದಲು ಎಸ್‌ಡಿಎಂಸಿ ಸಭೆ ಕರೆದು ನಡಾವಳಿ ಬರೆಯಿರಿ: ಶಾಲೆಗೆ ಏನಾಯಿತು, ಎಷ್ಟು ಕೋಣೆ ಬೇಕು, ತಾತ್ಕಾಲಿಕ ಜಾಗ ಎಲ್ಲಿ, ಯಾರ್‍ಯಾರು ಓಡಾಡುತ್ತಾರೆ. ಎಲ್ಲರ ಸಹಿ ಇರಲಿ.

ಓಡಾಡುವವರು ಮೂರು ನಾಲ್ಕು ಜನ ಸಾಕು. ಒಬ್ಬರು ಬರೆಯುವವರು, ಒಬ್ಬರು ಫೋನ್‌ ಮಾಡಿ ಬೆನ್ನು ಹತ್ತುವವರು, ಒಬ್ಬರು ಕಟ್ಟಡ ಕೆಲಸ ಗೊತ್ತಿರುವ ಮೇಸ್ತ್ರಿಯೋ ಸೆಂಟ್ರಿಂಗ್‌ ಮಾಡುವವರೋ. ಕೊನೇ ಪಕ್ಷ ಇಬ್ಬರು ತಾಯಂದಿರು ಇರಲೇಬೇಕು. ಶೌಚಾಲಯ ಎಲ್ಲಿರಬೇಕು, ಅಡುಗೆ ಕೋಣೆಗೆ ನೀರು ಹೇಗೆ ಬರಬೇಕು ಅನ್ನುವ ಮಾತು ಅವರು ಇದ್ದಾಗಲೇ ಬರುತ್ತದೆ. ಊರಿನ ಪಕ್ಷ ರಾಜಕೀಯ ಈ ಗುಂಪಿನೊಳಗೆ ಬರದ ಹಾಗೆ ನೋಡಿಕೊಳ್ಳಿ. ಎರಡೂ ಕಡೆಯವರು ಒಟ್ಟಿಗೆ ಬಂದ ಊರಿಗೆ ಯಾವ ಶಾಸಕರೂ ಇಲ್ಲ ಅನ್ನುವುದಿಲ್ಲ.

ಮುಖ್ಯ ಶಿಕ್ಷಕರನ್ನು ಮುಂದೆ ನಿಲ್ಲಿಸಿ ಜಗಳ ಆಡಿಸಬೇಡಿ. ಅವರು ಸರ್ಕಾರಿ ನೌಕರರು, ಮೇಲಿನವರ ಮುಂದೆ ಗಟ್ಟಿಯಾಗಿ ಕೇಳಲು ಅವರಿಗೆ ಆಗುವುದಿಲ್ಲ. ನಮಗೆ ಆಗುತ್ತದೆ.

ಕಡತ ನಡೆಯುವ ದಾರಿ

ಮುಖ್ಯ ಶಿಕ್ಷಕರಿಂದ ಸಿಆರ್‌ಪಿ (ಕ್ಲಸ್ಟರ್‌ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ವರದಿ ಹೋಗುತ್ತದೆ. ಬಿಇಒ ಎಂಜಿನಿಯರ್‌ಗೆ ಬರೆಯುತ್ತಾರೆ, ಹಳ್ಳಿ ಕಡೆ ಸಾಮಾನ್ಯವಾಗಿ ಪಂಚಾಯತ್‌ ರಾಜ್‌ ಎಂಜಿನಿಯರಿಂಗ್‌ ಉಪವಿಭಾಗದ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌). ಜೆಇ (ಕಿರಿಯ ಎಂಜಿನಿಯರ್‌) ಬಂದು ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ. ಅದು ಬಿಇಒ, ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ದಾಟಿ ಜಿಲ್ಲಾ ಪಂಚಾಯಿತಿ ಸಿಇಒ ಅಥವಾ ಜಿಲ್ಲಾಧಿಕಾರಿಯವರೆಗೆ, ಕೆಲವು ಸಲ ಬೆಂಗಳೂರಿನವರೆಗೆ ಹೋಗುತ್ತದೆ. ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್‌, ಕಾರ್ಯಾದೇಶ (ಕೆಲಸ ಶುರು ಮಾಡಲು ಗುತ್ತಿಗೆದಾರರಿಗೆ ಕೊಡುವ ಆದೇಶ). ಆಮೇಲೆ ಗುದ್ದಲಿ ಪೂಜೆ.

ಇದರಲ್ಲಿ ಅತಿ ಮುಖ್ಯವಾದ ಗಳಿಗೆ ಜೆಇ ಬರುವ ದಿನ. ಅವರು ವರದಿಯಲ್ಲಿ "ದುರಸ್ತಿ" ಅಂತ ಬರೆದರೆ ಒಂದು ದಾರಿ, "ಶಿಥಿಲ, ಕೆಡವಿ ಹೊಸದಾಗಿ ಕಟ್ಟಬೇಕು" ಅಂತ ಬರೆದರೆ ಇನ್ನೊಂದು ದಾರಿ. ದುರಸ್ತಿ ಅಂತ ಬಿದ್ದ ಮೇಲೆ ಸಣ್ಣ ಮೊತ್ತ ಬರುತ್ತದೆ, ಹೆಂಚು ಬದಲಾಯಿಸಿ ಸುಣ್ಣ ಬಳಿದು ಮುಗಿಸುತ್ತಾರೆ, ಅಡಿಪಾಯ ಕೂತಿದ್ದು ಹಾಗೇ ಇರುತ್ತದೆ. ಆ ದಿನ ನಿಮ್ಮ ಮೇಸ್ತ್ರಿಯನ್ನು ಜೊತೆಗೆ ನಿಲ್ಲಿಸಿ. ಗೋಡೆಗೆ ತೂಗುಗುಂಡು ಹಿಡಿದು ವಾಲಿರುವುದನ್ನು ತೋರಿಸಿ. ಮೂಲೆಯಲ್ಲಿ ಸ್ವಲ್ಪ ಅಗೆದು ಅಡಿಪಾಯದ ಕಲ್ಲು ಸಡಿಲ ಆಗಿರುವುದನ್ನು ತೋರಿಸಿ. ವರದಿಯ ಬಗ್ಗೆ ಅನುಮಾನ ಇದ್ದರೆ ಎಂಜಿನಿಯರಿಂಗ್‌ ಕಾಲೇಜಿನಿಂದ ಪರಿಶೀಲನೆ ಮಾಡಿಸಿ ಅಂತ ಬಿಇಒ ಅವರನ್ನು ಕೇಳಬಹುದು. ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್‌ ಕಾಲೇಜುಗಳಲ್ಲಿ ಹಳೆಯ ಸಿವಿಲ್‌ ವಿಭಾಗಗಳಿವೆ.

ಕಚೇರಿಗೆ ಹೋದಾಗ ನಡೆಯುವ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ:

"ಸಾರ್‌, ನಮ್ಮ ಸ್ಕೂಲ್‌ ಫೈಲ್‌ ಏನಾಯ್ತು?"

"ಮೇಲಕ್ಕೆ ಕಳ್ಸಿದೀವಿ ಕಣಮ್ಮ. ಬಂದ್ಮೇಲೆ ಹೇಳ್ತೀವಿ, ಹೋಗಿ."

ಇಲ್ಲಿಗೆ ತಿರುಗಿ ಬರಬೇಡಿ. "ಯಾವ ದಿನಾಂಕದಲ್ಲಿ ಕಳಿಸಿದ್ರಿ ಸಾರ್‌, ಪತ್ರದ ಸಂಖ್ಯೆ ಏನು, ಯಾರಿಗೆ ಕಳಿಸಿದ್ರಿ?" ಅಂತ ಮೆತ್ತಗೇ ಕೇಳಿ, ಎದುರಿಗೇ ಬರೆದುಕೊಳ್ಳಿ. ಪತ್ರದ ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ಕಚೇರಿಯ ಟಪಾಲು ವಿಭಾಗದಲ್ಲಿ ಅದು ಬಂತೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬಂದಿಲ್ಲ ಅಂದರೆ ಹಿಂದಿನ ಕಚೇರಿಯಲ್ಲೇ ಇದೆ. ಬಂದಿದ್ದರೆ ಯಾವ ಕೇಸ್‌ವರ್ಕರ್‌ ಹತ್ತಿರ ಇದೆ ಅಂತ ಕೇಳಿ, ಅವರನ್ನೇ ಕಂಡು "ಏನಾದರೂ ಕಾಗದ ಕಡಿಮೆ ಇದೆಯಾ?" ಅನ್ನಿ. ಎಷ್ಟೋ ಸಲ ಇದೊಂದು ಪ್ರಶ್ನೆಗೆ ಇಡೀ ಗಂಟು ಬಿಚ್ಚಿಕೊಳ್ಳುತ್ತದೆ. ಒಂದು ನೋಟ್‌ಬುಕ್‌ ಇಟ್ಟು ದಿನಾಂಕ, ಕಚೇರಿ, ಯಾರು ಏನು ಹೇಳಿದರು ಅಂತ ಬರೆಯುತ್ತಾ ಹೋಗಿ. ಶಾಲೆಯ 11 ಅಂಕಿಯ ಯುಡೈಸ್‌ ಸಂಖ್ಯೆಯನ್ನು (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ) ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಡಿ, ಎಲ್ಲ ಕಡೆಯೂ ಕೇಳುತ್ತಾರೆ. ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ.

ಹಳೇ ಕಟ್ಟಡ ಕೆಡವುವುದಕ್ಕೂ ಬೇರೆ ಆದೇಶ ಬೇಕು. ಊರಿನವರೇ ಜೆಸಿಬಿ ತಂದು ಬೀಳಿಸಬೇಡಿ. ಹೆಂಚು, ತೊಲೆ, ಕಲ್ಲು ಸರ್ಕಾರದ ಆಸ್ತಿ, ಅದರ ಹರಾಜಿಗೂ ಲೆಕ್ಕ ಇರುತ್ತದೆ. ಹೊಸದಕ್ಕೆ ಹಣ ಬಂದು ಹಳೇದು ಕೆಡವಲು ಅನುಮತಿ ಇಲ್ಲದೆ ಕೆಲಸ ನಿಂತಿದ್ದು ಉಂಟು. ಎರಡನ್ನೂ ಒಟ್ಟಿಗೇ ಕೇಳಿ. ಮೈಸೂರು ನಗರದೊಳಗಿನ ಹಳೇ ಶಾಲೆಯಾದರೆ ಪಾರಂಪರಿಕ ಕಟ್ಟಡವೇ ಅನ್ನುವ ಪ್ರಶ್ನೆಯನ್ನು ಮೊದಲ ತಿಂಗಳಲ್ಲೇ ಬಗೆಹರಿಸಿಕೊಳ್ಳಿ. ಲ್ಯಾನ್ಸ್‌ಡೌನ್‌ ಕಟ್ಟಡದ ಭಾಗ 2012ರಲ್ಲಿ ಬಿತ್ತು, ದೇವರಾಜ ಮಾರುಕಟ್ಟೆಯ ಭಾಗ 2016ರಲ್ಲಿ ಬಿತ್ತು. ಉಳಿಸಬೇಕೋ ಕೆಡವಬೇಕೋ ಅನ್ನುವ ವಾದದಲ್ಲೇ ವರ್ಷಗಟ್ಟಲೆ ಕಳೆದುಹೋಯಿತು. ಮಕ್ಕಳಿಗೆ ಅಷ್ಟು ವರ್ಷ ಇಲ್ಲ.

ಜಾಗದ ಕಾಗದ

ಹಳ್ಳಿಯ ಎಷ್ಟೋ ಶಾಲೆಗಳು ಊರಿನ ಹಿರಿಯರು ಬಾಯಿಮಾತಲ್ಲಿ ದಾನ ಕೊಟ್ಟ ಜಾಗದಲ್ಲಿವೆ. ಪಹಣಿಯಲ್ಲಿ ಈಗಲೂ ಅವರ ಅಜ್ಜನ ಹೆಸರು. ಕಟ್ಟಡ ನಿಂತಿರುವವರೆಗೆ ಯಾರೂ ಕೇಳುವುದಿಲ್ಲ. ಹೊಸ ಕಟ್ಟಡದ ಅಂದಾಜು ಪಟ್ಟಿ ಹೋದ ತಕ್ಷಣ "ಜಾಗ ಶಾಲೆ ಹೆಸರಲ್ಲಿ ಇದೆಯಾ?" ಅನ್ನುತ್ತಾರೆ. ನೆರೆ ಬರುವ ಮೊದಲೇ ಇದನ್ನು ಸರಿ ಮಾಡಿಕೊಂಡ ಊರು ಪುಣ್ಯ ಮಾಡಿದೆ.

ಮಾಡಿಕೊಂಡಿಲ್ಲದಿದ್ದರೆ ಈಗಲೇ ದಾನಿಯ ಮನೆಯವರನ್ನು ಕಾಣಿ. ಆಸ್ತಿ ಭಾಗ ಆಗದೆ ಅಣ್ಣತಮ್ಮಂದಿರ ನಡುವೆ ಮಾತು ನಿಂತಿದ್ದರೆ ಊರಿನ ದೊಡ್ಡವರನ್ನು ಕೂರಿಸಿ. ಸರ್ವೆ ಮಾಡಿಸಿ, ನಕ್ಷೆ ತೆಗೆಸಿ, ಇಲಾಖೆಯ ಹೆಸರಿಗೆ ದಾನಪತ್ರ ನೋಂದಣಿ ಮಾಡಿಸಿ, ಪಹಣಿ ಬದಲಾಗುವವರೆಗೆ ಬಿಡಬೇಡಿ. ದಾನಿಯ ಹೆಸರು ಹೊಸ ಶಾಲೆಯ ಕಲ್ಲಿನಲ್ಲಿ ಇರುತ್ತದೆ ಅಂತ ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆದುಕೊಟ್ಟರೆ ಮನಸ್ಸು ಒಲಿಯುತ್ತದೆ, ಅದು ಅವರಿಗೆ ಸಲ್ಲಬೇಕಾದ ಗೌರವ ಕೂಡ.

ಹೊಳೆ ದಂಡೆಯ ಶಾಲೆಯನ್ನು ಅದೇ ತಗ್ಗಿನಲ್ಲಿ ಮತ್ತೆ ಕಟ್ಟಲು ಒಪ್ಪಬೇಡಿ. ಊರಿನ ಎತ್ತರದ ಕಡೆ ಸರ್ಕಾರಿ ಜಾಗ ಇದೆಯೇ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಿ. ಜಾಗ ಬದಲಾದರೆ ತಿಂಗಳುಗಳು ಜಾಸ್ತಿ ಹಿಡಿಯಬಹುದು. ಬೇಗ ಆಗಲಿ ಅಂತ ಈ ಒಂದು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ಜಾಗವೇ ಇಲ್ಲವಾದರೆ, ಅಳೆದಿಟ್ಟ ಕೆಸರಿನ ಗೆರೆಗಿಂತ ಮೇಲಕ್ಕೆ ನೆಲಮಟ್ಟ ಬರುವಂತೆ ಅಂದಾಜು ಪಟ್ಟಿಯಲ್ಲೇ ಬರೆಸಿ. ದಾಖಲೆ ಇಡುವ ಕೋಣೆ ಇನ್ನೂ ಎತ್ತರದಲ್ಲಿರಲಿ.

ಹಣ ಎಲ್ಲಿಂದ

ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು 75, ರಾಜ್ಯದ ಪಾಲು 25. ಆದರೆ ಅದು ತುರ್ತು ದುರಸ್ತಿಗೆ, ಹೊಸ ಕಟ್ಟಡಕ್ಕಲ್ಲ. ಹೊಸ ಕೋಣೆಗೆ ರಾಜ್ಯ ಬಜೆಟ್‌, ಸಮಗ್ರ ಶಿಕ್ಷಣ ಯೋಜನೆ, ನಬಾರ್ಡ್‌ನ ಆರ್‌ಐಡಿಎಫ್‌ (ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ) ಸಾಲ, ಈ ದಾರಿಗಳಿವೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಕ್ಷೇತ್ರಾಭಿವೃದ್ಧಿ ನಿಧಿ ಇರುತ್ತದೆ. ಅದರಿಂದ ಒಂದೆರಡು ಕೋಣೆ ಕೇಳುವುದು ನ್ಯಾಯವೇ. ಕಾಂಪೌಂಡು, ಶೌಚಾಲಯ, ಆಟದ ಮೈದಾನಕ್ಕೆ ಗ್ರಾಮ ಪಂಚಾಯಿತಿ ಕ್ರಿಯಾ ಯೋಜನೆಯಲ್ಲಿ ಜಾಗ ಮಾಡಿಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮಾತಾಡಿ.

ಕಂಪನಿಗಳ ಸಿಎಸ್‌ಆರ್‌ (ಸಾಮಾಜಿಕ ಹೊಣೆಗಾರಿಕೆಯ ಹಣ) ಇನ್ನೊಂದು ದಾರಿ. 2013ರ ಕಂಪನಿ ಕಾಯ್ದೆ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ನೂರಕ್ಕೆ 2ರಷ್ಟನ್ನು ಇಂಥ ಕೆಲಸಕ್ಕೆ ಕೊಡಬೇಕು. ನಂಜನಗೂಡು, ಕಡಕೊಳ, ಹೆಬ್ಬಾಳು, ಹೂಟಗಳ್ಳಿ, ಮದ್ದೂರು ಕಡೆ ಸೋಮನಹಳ್ಳಿ, ಗೆಜ್ಜಲಗೆರೆಯಲ್ಲಿ ಕಾರ್ಖಾನೆಗಳಿವೆ. ಬರಿಗೈಯಲ್ಲಿ ಹೋಗಬೇಡಿ. ಫೋಟೋ, ಅಂದಾಜು ಪಟ್ಟಿ, ಜಾಗದ ಪಹಣಿ, ಡಿಡಿಪಿಐ ಅವರ ಒಪ್ಪಿಗೆ ಪತ್ರ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ಯಾರ ಹತ್ತಿರವೂ ನಗದು ವಸೂಲಿ ಬೇಡ. ಊರಿನವರು ಕೊಡುವ ನೂರು ರೂಪಾಯಿಯೂ ಎಸ್‌ಡಿಎಂಸಿ ಖಾತೆಗೆ ಹೋಗಲಿ, ರಸೀದಿ ಇರಲಿ.

ಅರ್ಜಿ ಹೇಗಿರಬೇಕು

ಒಂದೇ ಪುಟ. ಅಳಲು ಕಡಿಮೆ, ವಿವರ ಜಾಸ್ತಿ. ಹೀಗೆ ಬರೆಯಬಹುದು:

*ಇವರಿಗೆ: ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳು, … ತಾಲ್ಲೂಕು*

*ವಿಷಯ: … ಗ್ರಾಮದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ (ಯುಡೈಸ್‌ ಸಂಖ್ಯೆ …) ನೆರೆ ಹಾನಿ ಕಟ್ಟಡವನ್ನು ಹೊಸದಾಗಿ ಕಟ್ಟಿಸುವ ಬಗ್ಗೆ*

*ದಿನಾಂಕ … ರಂದು ಬಂದ ನೆರೆಯಿಂದ ನಮ್ಮ ಶಾಲೆಯ … ಕೋಣೆಗಳು ಬಳಕೆಗೆ ಬಾರದಂತಾಗಿವೆ. ನೀರು ನೆಲದಿಂದ … ಅಡಿ ಎತ್ತರ ನಿಂತಿತ್ತು. ಶಾಲೆಯಲ್ಲಿ … ಮಕ್ಕಳಿದ್ದಾರೆ, ಸದ್ಯ … ನಲ್ಲಿ ಪಾಠ ನಡೆಯುತ್ತಿದೆ. ಎಸ್‌ಡಿಎಂಸಿ ನಡಾವಳಿ, ಫೋಟೋ, ಪಹಣಿ ಪ್ರತಿ ಲಗತ್ತಿಸಿದ್ದೇವೆ. ಎಂಜಿನಿಯರ್‌ ಸ್ಥಳ ಪರಿಶೀಲನೆಯ ದಿನಾಂಕ, ಅಂದಾಜು ಪಟ್ಟಿ ಸಲ್ಲಿಸುವ ದಿನಾಂಕ, ತಾತ್ಕಾಲಿಕ ಶೌಚಾಲಯದ ವ್ಯವಸ್ಥೆ, ಈ ಮೂರನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ.*

*ಪ್ರತಿಗಳು: ಡಿಡಿಪಿಐ, ಜಿಲ್ಲಾಧಿಕಾರಿ, ಜಿ.ಪಂ. ಸಿಇಒ, ತಹಶೀಲ್ದಾರ್‌, ಶಾಸಕರು*

"ಆದಷ್ಟು ಬೇಗ" ಅಂತ ಬರೆಯಬೇಡಿ, ದಿನಾಂಕ ಕೇಳಿ. ದಿನಾಂಕ ಇದ್ದರೆ ಮುಂದೆ ಅದನ್ನೇ ಹಿಡಿದು ಮಾತಾಡಬಹುದು. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಬರಬೇಡಿ. ಜಿಲ್ಲಾಧಿಕಾರಿಗೆ ಪ್ರತಿ ಯಾಕೆ ಅಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು.

ಕೆಲಸ ನಡೆಯದಿದ್ದರೆ

ಮೊದಲು ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆ. ತಾಲ್ಲೂಕು ಕೆಡಿಪಿಗೆ ಶಾಸಕರು, ಜಿಲ್ಲಾ ಕೆಡಿಪಿಗೆ ಉಸ್ತುವಾರಿ ಸಚಿವರು ಅಧ್ಯಕ್ಷರು. ಬಿಇಒ, ಎಇಇ ಎಲ್ಲರೂ ಅಲ್ಲಿ ಉತ್ತರ ಕೊಡಬೇಕು. ಸಭೆಗೆ ಒಂದು ವಾರ ಮೊದಲು ಶಾಸಕರನ್ನು ಕಂಡು ಒಂದೇ ಪ್ರಶ್ನೆ ಬರೆದುಕೊಡಿ: ಈ ಶಾಲೆಯ ಅಂದಾಜು ಪಟ್ಟಿ ಯಾವ ಕಚೇರಿಯಲ್ಲಿ, ಯಾವ ದಿನಾಂಕದಿಂದ ಇದೆ? ಇಷ್ಟು ನಿಖರವಾಗಿ ಕೇಳಿದಾಗ ಬರುವ ಉತ್ತರವೂ ನಿಖರವಾಗಿರುತ್ತದೆ.

ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಅಲ್ಲಿ ಮಕ್ಕಳೇ ಎದ್ದು ಮಾತಾಡಲಿ, ನಾವು ಹೇಳಿಕೊಟ್ಟದ್ದನ್ನಲ್ಲ, ಅವರಿಗೆ ಅನ್ನಿಸಿದ್ದನ್ನು. "ನಮ್ಗೆ ಬೋರ್ಡ್‌ ಇಲ್ಲ, ಮಿಸ್ಸು ಗೋಡೆ ಮೇಲೆ ಚಾರ್ಟ್‌ ಅಂಟಿಸ್ತಾರೆ, ಗಾಳಿ ಬಂದ್ರೆ ಬಿದ್ದೋಗುತ್ತೆ" ಅಂತ ಒಂದು ಮಗು ಹೇಳಿದರೆ ಕೇಳಿದ ಅಧಿಕಾರಿ ಮರೆಯುವುದಿಲ್ಲ.

ಸರ್ಕಾರದ ಜನಸ್ಪಂದನ ಸಹಾಯವಾಣಿ 1902. ಅಲ್ಲಿ ದಾಖಲಾದ ದೂರು ಸಂಬಂಧಪಟ್ಟ ಅಧಿಕಾರಿಯ ಲಾಗಿನ್‌ಗೆ ಹೋಗುತ್ತದೆ.

ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಬೇಕೇ ಬೇಕು, ಆದರೆ ಮೊದಲ ದಿನವೇ ಬೇಡ. ಮಾತಾಡಿ ನೋಡಿ, ಉತ್ತರ ಬಾರದಿದ್ದಾಗ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ ಕಾರ್ಡ್‌ ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ಯಾಕೆ ಕಟ್ಟಿಲ್ಲ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಅದು ಮಾಹಿತಿ ಅಲ್ಲ ಅನ್ನುತ್ತಾರೆ. ಕಾಗದವನ್ನೇ ಕೇಳಿ: ಜೆಇ ಪರಿಶೀಲನಾ ವರದಿಯ ಪ್ರತಿ, ಅಂದಾಜು ಪಟ್ಟಿಯ ಪ್ರತಿ, ಕಡತದ ಟಿಪ್ಪಣಿ ಹಾಳೆಗಳ ಪ್ರತಿ. ಟಿಪ್ಪಣಿ ಹಾಳೆಯಲ್ಲಿ ಕಡತ ಯಾರ ಹತ್ತಿರ ಎಷ್ಟು ದಿನ ಇತ್ತು ಅನ್ನುವುದು ಸಹಿ, ದಿನಾಂಕ ಸಮೇತ ಇರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಒಪ್ಪಿಗೆ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಎಲ್ಲ ಕಾಲಕ್ಕೂ ನಿಲ್ಲುವ ಕಟ್ಟಡ, ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಇವೆಲ್ಲ ಆ ಕಾಯ್ದೆಯ ಅನುಸೂಚಿಯಲ್ಲೇ ಇವೆ. ಅನುಸೂಚಿಯ ಪ್ರತಿ ಲಗತ್ತಿಸಿ.

ರಸ್ತೆ ತಡೆ, ಧರಣಿ ಬೇಕಾದರೆ ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ. ಹೋರಾಟದ ನೆಲ ಅದು. ಆದರೆ ಮಕ್ಕಳನ್ನು ಬಿಸಿಲಿನಲ್ಲಿ ರಸ್ತೆಗೆ ಕೂರಿಸಬೇಡಿ. ಪತ್ರಕರ್ತರನ್ನು ಕರೆಯುವಾಗಲೂ ನೋಟ್‌ಬುಕ್‌ ಮುಂದಿಟ್ಟು ತೋರಿಸಿ, ಯಾವ ಪತ್ರ ಯಾವತ್ತಿಂದ ನಿಂತಿದೆ ಅಂತ. ಚುನಾವಣೆ ಹತ್ತಿರ ಇದ್ದರೆ ಕಾರ್ಯಾದೇಶ ಮೊದಲೇ ಆಗುವಂತೆ ನೋಡಿ. ನೀತಿ ಸಂಹಿತೆ ಬಂದ ಮೇಲೆ ಹೊಸ ಕೆಲಸ ಶುರುವಾಗುವುದು ಕಷ್ಟ, ನಡೆಯುತ್ತಿರುವ ಕೆಲಸ ಮುಂದುವರಿಯಬಹುದು.

ಕಟ್ಟುವಾಗ

ಬೇಗ ಆಗಲಿ ಅಂತ ಇಷ್ಟೆಲ್ಲ ಓಡಾಡಿ, ಕೆಲಸ ಶುರುವಾದ ಮೇಲೆ ಮನೆಗೆ ಹೋಗಿ ಕೂರಬೇಡಿ. ಕಾಮಗಾರಿ ಬೋರ್ಡ್‌ ಹಾಕಿಸಿ: ಮೊತ್ತ, ಗುತ್ತಿಗೆದಾರರು, ಶುರು ಮತ್ತು ಮುಗಿಯುವ ದಿನಾಂಕ. ಅಂದಾಜು ಪಟ್ಟಿಯ ಪ್ರತಿ ಮೇಸ್ತ್ರಿ ಕೈಯಲ್ಲಿರಲಿ. ಕಂಬಿಯ ಸೈಜು, ಸಿಮೆಂಟ್‌ ಚೀಲದ ಮೇಲಿನ ತಯಾರಿಕೆ ವಾರ, ಕಂಬಿ ಕೆಳಗೆ ಕವರ್‌ ಬ್ಲಾಕ್‌ (ಕಂಬಿ ತಳಕ್ಕೆ ತಾಗದಂತೆ ಇಡುವ ಸಣ್ಣ ಬಿಲ್ಲೆ) ಇದೆಯಾ, ಎಂ-ಸ್ಯಾಂಡ್‌ನಲ್ಲಿ ಪುಡಿ ಜಾಸ್ತಿ ಇದೆಯಾ, ಇದನ್ನು ನೋಡಲು ಎಂಜಿನಿಯರೇ ಆಗಬೇಕಿಲ್ಲ.

ಮೋಲ್ಡ್‌ (ಚಾವಣಿಯ ಕಾಂಕ್ರೀಟ್‌) ಹಾಕುವ ದಿನ ಇಬ್ಬರು ಪೋಷಕರು ಅಲ್ಲಿರಲಿ. ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್‌ ಒಣಗದಂತೆ ನೆನೆಸಿಡಲು, ನೀರು ಕಡಿಮೆಯಾದರೆ ಊರಿನವರೇ ಒದಗಿಸಿ. ಸಾಮಾನ್ಯ ಸಿಮೆಂಟ್‌ಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್‌) ಆದರೆ 10 ದಿನ ತೇವ ಆರಬಾರದು. ಕೋಣೆ ದೊಡ್ಡದು, ಹಾಗಾಗಿ ಸೆಂಟ್ರಿಂಗ್‌ ಆಸರೆಯನ್ನು ಜೆಇ ಹೇಳುವ ಮೊದಲು ಬಿಚ್ಚಲು ಬಿಡಬೇಡಿ. ಸ್ಲ್ಯಾಬಿನ ಅಗಲ ನಾಲ್ಕೂವರೆ ಮೀಟರ್‌ ದಾಟಿದರೆ ಕನಿಷ್ಠ 14 ದಿನ. ಕಾಂಕ್ರೀಟ್‌ ಎಷ್ಟು ಗಟ್ಟಿ ಅಂತ ನೋಡುವ ಕ್ಯೂಬ್‌ ಪರೀಕ್ಷೆಯ 28 ದಿನದ ವರದಿ ಕೇಳಿ. ಅನುಮಾನ ಬಂದರೆ ಕೂಗಾಡಬೇಡಿ, ಫೋಟೋ ಸಮೇತ ಎಇಇಗೆ ಬರೆಯಿರಿ. ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕು ಆರ್‌ಟಿಐ ಕಾಯ್ದೆಯಲ್ಲೇ ಇದೆ. ರ‍್ಯಾಂಪ್‌ ಮತ್ತು ಶೌಚಾಲಯದ ನೀರಿನ ಸಂಪರ್ಕ ಕೊನೆಗೆ ಬಿಟ್ಟುಹೋಗುತ್ತವೆ. ಅವು ಆಗುವವರೆಗೆ ಕೆಲಸ ಮುಗಿದಿದೆ ಅಂತ ಎಸ್‌ಡಿಎಂಸಿ ಸಹಿ ಹಾಕಬಾರದು.

ಹಸ್ತಾಂತರದ ದಿನ ಕಟ್ಟಡ ಸುರಕ್ಷತಾ ಪ್ರಮಾಣಪತ್ರ, ನಕ್ಷೆ, ದೋಷ ಹೊಣೆಗಾರಿಕೆ ಅವಧಿ ಎಷ್ಟು ಅನ್ನುವ ಕಾಗದ ಪಡೆದು ಶಾಲೆಯಲ್ಲಿ ಒಂದು ಪ್ರತಿ, ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರ ಒಂದು ಪ್ರತಿ ಇಡಿ. ಮುಂದಿನ ಮಳೆಗಾಲದಲ್ಲಿ ಎಲ್ಲಾದರೂ ಸೋರಿದರೆ ಆ ದಿನವೇ ಫೋಟೋ ತೆಗೆದು ಎಇಇಗೆ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಆ ಅವಧಿ ಮುಗಿಯುವವರೆಗೆ ಅದನ್ನು ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು.